ಸೋಡಾ, ಪಾನಕ, ನೀರುಮಜ್ಜಿಗೆ

ಸೋಡಾ ಎಂಬುದರಷ್ಟು ಅರ್ಥ ಕಳೆದುಕೊಂಡ ಹೆಸರು ನಮ್ಮ ಬೀದಿಯ ಅಂಗಡಿಗಳಲ್ಲಿ ಮತ್ತೊಂದು ಸಿಕ್ಕುವುದು ಕಷ್ಟ. ಆರಂಭದ ದಿನಗಳಲ್ಲಿ ನೀರಿಗೆ ಸೋಡಾ ಉಪ್ಪು ಬೆರೆಸುತ್ತಿದ್ದುದರಿಂದ ಆ ಹೆಸರು ಬಂತು. ಉಪ್ಪು ಬಹುಮಟ್ಟಿಗೆ ಹೋಯಿತು, ಹೆಸರು ನಿಂತಿತು. ಅದರ ಹುಟ್ಟೂ ವಿಚಿತ್ರವಾದುದೇ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಯ ಮನೆಯ ಪಕ್ಕದಲ್ಲಿ ಬಿಯರ್ ತಯಾರಿಸುವ ಕಾರ್ಖಾನೆಯೊಂದಿತ್ತು. ಹುಳಿಯುತ್ತಿದ್ದ ತೊಟ್ಟಿಗಳ ಮೇಲೆ ನಿಂತಿರುವ ಅನಿಲವನ್ನು ನೀರಿಗೆ ಹಿಡಿಸಿದರೆ ನೀರಿಗೆ ಹಿತವಾದ ಹುಳಿರುಚಿ ಬರುತ್ತದೆಂದು ಅವನು 1767ರಲ್ಲಿ ಕಂಡುಕೊಂಡ. 1772ರಲ್ಲಿ ಈ ವಿಧಾನವನ್ನು ಕುರಿತು ಒಂದು ಕಿರುಹೊತ್ತಗೆಯನ್ನೂ ಅಚ್ಚು ಹಾಕಿಸಿದ. ಹಡಗಿನವರಿಗೆ ಬರುತ್ತಿದ್ದ ಸ್ಕರ್ವಿ ರೋಗಕ್ಕೆ ಇದು ಮದ್ದಾದೀತೆಂದು ಅವನ ಆಸೆ. ಮದ್ದಾಗಲಿಲ್ಲ. ಜಿನೀವಾದಲ್ಲಿ ಗಡಿಯಾರದ ಕೆಲಸ ಮಾಡುತ್ತಿದ್ದ ಶ್ವೆಪ್ ಎಂಬಾತ 1783ರಲ್ಲಿ ಇದನ್ನೇ ವ್ಯಾಪಾರವಾಗಿ ಮಾಡಿದ. ಪಾದ್ರಿಯ ಔಷಧ ಹೀಗೆ ಅಂಗಡಿಯ ಸರಕಾಯಿತು.

ನಮಗೆ ಪರಿಚಿತವಾದ ಗೋಲಿ ಸೋಡಾ ಬಂದದ್ದು ಇದಾದ ಸುಮಾರು ನೂರು ವರ್ಷಗಳ ಮೇಲೆ. ಹೈರಮ್ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಆ ಸೀಸೆಗೆ ಹಕ್ಕುಪತ್ರ ಪಡೆದ. ಅದರ ಜಾಣ್ಮೆಯನ್ನು ಮೆಚ್ಚಲೇಬೇಕು. ಮುಚ್ಚಳವಿಲ್ಲ, ಬಿರಡೆಯಿಲ್ಲ. ಸೀಸೆಯ ಬಾಯೊಳಗೆ ಒಂದು ರಬ್ಬರಿನ ಬಳೆ, ಕೊರಳಿನಲ್ಲಿ ಒಂದು ಗಾಜಿನ ಗೋಲಿ. ಸೀಸೆಯನ್ನು ತಲೆಕೆಳಗು ಮಾಡಿ ತುಂಬಿಸುತ್ತಾರೆ; ಗೋಲಿ ಬಾಯಿಗೆ ಇಳಿದು ಕೂರುತ್ತದೆ; ಒಳಗಿನ ಅನಿಲವೇ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಹೊರಗೆ ಹೋಗಲು ಹವಣಿಸುವವನೇ ಬಾಗಿಲು ಕಾಯುವವನೂ ಆದಂತೆ! ಅಂಗಡಿಯವನು ಹೆಬ್ಬೆರಳಿನಿಂದಲೋ ಮರದ ಒತ್ತುಗೊರಡಿನಿಂದಲೋ ಗೋಲಿಯನ್ನು ಒಳಕ್ಕೆ ನೂಕಿದಾಗ ಹೊರಡುವ ಆ ಕೀರಲು ಶಬ್ದವನ್ನು ಕೇಳಿದ ಹುಡುಗರಿಗೆ ಅರ್ಧ ಬಾಯಾರಿಕೆ ಅಲ್ಲಿಗೇ ತೀರುತ್ತಿತ್ತು. ಕುಡಿಯುವಾಗ ಗೋಲಿ ಮತ್ತೆ ಬಾಯಿಗೆ ಉರುಳಿ ಅಡ್ಡವಾಗದಂತೆ ಕೊರಳಿನಲ್ಲಿ ಎರಡು ತಗ್ಗುಗಳಿವೆ. ಆ ತಗ್ಗಿನ ಕಡೆಯನ್ನು ಕೆಳಗೆ ಮಾಡಿ ಹಿಡಿಯಬೇಕೆಂಬುದನ್ನು ನನ್ನ ಸೋದರಮಾವ ನನಗೆ ಸಂತೆಯಲ್ಲಿ ಹೇಳಿಕೊಟ್ಟರು. ಶಾಲೆಯಲ್ಲಿ ಕಲಿತ ಎಷ್ಟೋ ಪಾಠಗಳು ಮರೆತಿವೆ, ಇದು ಮರೆತಿಲ್ಲ.

ಈ ವಿಷಯಕ್ಕೆ ನಾನು ಕೈಹಾಕಲು ಕಾರಣ ಬರಿಯ ಚರಿತ್ರೆಯ ಕುತೂಹಲವಲ್ಲ. ನನ್ನ ರಕ್ತವನ್ನು ಪರೀಕ್ಷಿಸಿ ನೋಡಿದ ವೈದ್ಯರು, ಸಿಹಿ ಸೋಡಾಗಳನ್ನು ಇನ್ನು ಮುಟ್ಟಕೂಡದೆಂದು ಹೇಳಿದರು. ಬದಲಿಗೆ ಏನು ಕುಡಿಯಲಿ ಎಂದು ಕೇಳಿದೆ. "ನೀರು ಕುಡೀರಿ ಮೇಷ್ಟ್ರೇ" ಎಂದರು. ಆರೋಗ್ಯದ ದೃಷ್ಟಿಯಿಂದ ಇದಕ್ಕಿಂತ ಸರಿಯಾದ ಉತ್ತರವಿರಲಾರದು. 300 ಮಿಲಿಲೀಟರಿನ ಒಂದು ಸೀಸೆ ಬಣ್ಣದ ಸೋಡಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಬೇರೆ ಬೆರೆಸಿದ ಸಕ್ಕರೆ ದಿನಕ್ಕೆ 25 ಗ್ರಾಮಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಒಂದೇ ಸೀಸೆ ಆ ಎಲ್ಲೆಯನ್ನು ದಾಟಿಸಿಬಿಡುತ್ತದೆ. ಆದರೆ ಬಾಯಾರಿಕೆ ಬೇರೆ, ಸೋಡಾದ ಬಯಕೆ ಬೇರೆ. ತಣ್ಣೀರು ಮೊದಲನೆಯದನ್ನು ತೀರಿಸುತ್ತದೆ. ಎರಡನೆಯದು ಹಾಗೆಯೇ ಉಳಿಯುತ್ತದೆ.

ಆ ಬಯಕೆಯಾದರೂ ಏತರದು? ಬಿಡಿಸಿ ನೋಡಿದರೆ ತಂಪು, ಸಿಹಿ, ಹುಳಿ, ಇವುಗಳ ಜತೆಗೆ ಮೂಗಿಗೆ ಏರುವ ಒಂದು ಚುರುಕು. ಈ ಚುರುಕು ಗುಳ್ಳೆಗಳು ಒಡೆಯುವುದರಿಂದ ಬರುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲವಂತೆ. ಅನಿಲವು ಬಾಯಿಯಲ್ಲಿ ಆಮ್ಲವಾಗಿ ಪರಿಣಮಿಸಿ, ನೋವನ್ನು ತಿಳಿಸುವ ನರಗಳನ್ನು ಕೆಣಕುತ್ತದೆ. ಹಸಿ ಸಾಸಿವೆಯ ಘಾಟಿಗೆ ಎಚ್ಚರಗೊಳ್ಳುವುದೂ ಅವೇ ನರಗಳು. ಇದನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಸಾಸಿವೆ, ಶುಂಠಿ, ಮೆಣಸು, ಇಂಗುಗಳನ್ನು ಬಲ್ಲ ಅಡಿಗೆಮನೆಗೆ ಚುರುಕಿನ ಬಡತನವುಂಟೆ?

ಹಳೆಯ ಗ್ರಂಥಗಳನ್ನು ತೆರೆದರೆ ಪಾನೀಯಗಳಿಗೆ ನಮ್ಮವರು ಕೊಟ್ಟಿದ್ದ ಸ್ಥಾನ ಕಾಣುತ್ತದೆ. ಕಲ್ಯಾಣವನ್ನು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳನ್ನು ಎಣಿಸುವಾಗ ನೀರು ಕುಡಿಯುವುದನ್ನೂ ಒಂದು ಭೋಗವೆಂದೇ ಎಣಿಸಿದ್ದಾನೆ. ಯಾವ ಋತುವಿನಲ್ಲಿ ಯಾವ ನೀರು, ಮಳೆಯದೋ ಹೊಳೆಯದೋ ಕೆರೆಯದೋ, ಅದಕ್ಕೆ ಹೂವಿನ ಕಂಪು ಹಿಡಿಸುವುದು ಹೇಗೆ ಎಂಬುದೆಲ್ಲ ಅಲ್ಲಿ ಉಂಟು. ಕಾಯಿಸಿದ ಹಾಲನ್ನು ಹುಳಿಯಿಂದ ಒಡೆಸಿ, ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಸಕ್ಕರೆ ಏಲಕ್ಕಿಗಳನ್ನು ಬೆರೆಸುವ ಪಾನಕವೂ ಉಂಟು. ಅವನಿಗಿಂತ ಒಂದು ಶತಮಾನ ಹಿಂದೆ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ನೆಲದಡಿಯ ನೀರನ್ನು ಕಂಡುಹಿಡಿಯುವ ಬಗೆಯೂ ಅಡಿಗೆಯ ಬಗೆಯೂ ಒಂದೇ ಹೊದಿಕೆಯೊಳಗಿವೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಹಾಡಿದಾಗ ಪಾನಕಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ತರಗತಿಯಲ್ಲಿ ಇವನನ್ನು 'ಶಾಸ್ತ್ರಕವಿ' ಎಂದು ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ. ಬೇಸಗೆಯ ಮಧ್ಯಾಹ್ನ ಓದಿದವರು ಅಷ್ಟು ಬೇಗ ಮುಗಿಸಲಾರರು.

ಹಾಗೆಂದು ಪಾನಕವನ್ನು ಮುಗಿಲಿಗೇರಿಸುವವರ ಗುಂಪಿಗೆ ನಾನು ಸೇರಿದವನಲ್ಲ. ರಾಮನವಮಿಯ ದಿನ ಬೇಲದ ಹಣ್ಣಿನ ಪಾನಕ, ನಿಂಬೆಹಣ್ಣಿನ ಪಾನಕಗಳಲ್ಲಿ ತಂಪು, ಸಿಹಿ, ಹುಳಿಗಳ ಜತೆಗೆ ಶುಂಠಿ ಮೆಣಸುಗಳ ಚುರುಕೂ ಸೇರಿ, ಸೋಡಾದ ನಾಲ್ಕು ಗುಣಗಳೂ ಒದಗುತ್ತವೆ. ರುಚಿಯಲ್ಲಿ ಅದು ಸೋಡಾಕ್ಕೆ ಹಿರಿಯಣ್ಣ. ಆದರೆ ಬೆಲ್ಲವೂ ಸಕ್ಕರೆಯೇ. ರಕ್ತಕ್ಕೆ ಅದು ಪ್ರಸಾದವೋ ಅಂಗಡಿಯದೋ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಕುಡಿದರೆ ಹಬ್ಬ, ದಿನವೂ ಕುಡಿದರೆ ಅದೇ ರೋಗ. ಪ್ರಾಚೀನವೆಂಬ ಒಂದೇ ಕಾರಣಕ್ಕೆ ಯಾವುದೂ ಪಥ್ಯವಾಗದು.

ನನ್ನ ಮಟ್ಟಿಗೆ ಗೆದ್ದದ್ದು ನೀರುಮಜ್ಜಿಗೆ. ಒಂದು ಪಾಲು ಹುಳಿಮೊಸರಿಗೆ ನಾಲ್ಕು ಪಾಲು ನೀರು, ಜಜ್ಜಿದ ಹಸಿಶುಂಠಿ, ಕರಿಬೇವು, ಕೊತ್ತಂಬರಿ, ಒಂದು ಹಸಿಮೆಣಸಿನಕಾಯಿ, ಉಪ್ಪು ಹಿತಮಿತ. ಮಡಕೆಯಲ್ಲಿ ಎರಡು ಗಂಟೆ ಇಟ್ಟು, ಇಂಗಿನ ಒಗ್ಗರಣೆ ಕೊಟ್ಟರೆ ಸಿಹಿಯೊಂದನ್ನುಳಿದು ಬೇರೇನೂ ಕೊರತೆಯಿಲ್ಲ. ಕರಾವಳಿಯವರು ಪುನರ್ಪುಳಿಯೆಂದೂ ಉತ್ತರ ಕನ್ನಡದವರು ಮುರುಗಲೆಂದೂ ಕರೆಯುವ ಹಣ್ಣಿನ ಒಣಸಿಪ್ಪೆಯನ್ನು ನೆನೆಸಿ, ಉಪ್ಪು ಜೀರಿಗೆ ಹಾಕಿದ ಕೆಂಪು ನೀರು ಕಣ್ಣಿಗೂ ತೃಪ್ತಿ. ಸೋಡಾದ ಬಣ್ಣವನ್ನು ನೆನೆಯುವವರಿಗೆ ಇದನ್ನು ಧಾರಾಳವಾಗಿ ಹೇಳಬಹುದು. ಹವ್ಯಕರ ಅಪ್ಪೆಹುಳಿಯ ಮಾತೇ ಬೇರೆ. ಅದನ್ನು ಊಟದ ಕೊನೆಗೆ ಕುಡಿದು ಮೇಲೆದ್ದವರಿಗೆ ಮಧ್ಯಾಹ್ನದ ತರಗತಿ ತೆಗೆದುಕೊಳ್ಳುವುದು ಅಸಾಧ್ಯವೆಂದು ಶಿರಸಿಯ ಕಡೆಯ ನನ್ನ ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದಾರೆ.

ಇಷ್ಟೆಲ್ಲ ನಮ್ಮಲ್ಲಿದ್ದೂ ಸೋಡಾ ಹೇಗೆ ಗೆದ್ದಿತು? ರುಚಿಯೊಂದರಿಂದಲೇ ಗೆದ್ದಿತೆಂದು ನನಗೆ ತೋರುವುದಿಲ್ಲ. ಬೇಸಗೆಯಲ್ಲಿ ದಾರಿಗರಿಗೆ ನೀರುಮಜ್ಜಿಗೆಗಳನ್ನು ಪುಕ್ಕಟೆಯಾಗಿ ಕೊಡುವ ಅರವಟ್ಟಿಗೆಗಳು ನಮ್ಮಲ್ಲಿದ್ದವು. ಹಳಗನ್ನಡದ 'ಅಱವಟ್ಟಿಗೆ'ಯಲ್ಲಿ ಶಕಟರೇಫೆಯುಂಟು, 'ಅಱ'ವೆಂದರೆ ಧರ್ಮ. ಮಾತು ಬಹಳ ಚೆಲುವಾದುದು. ಆದರೆ ಆ ಧರ್ಮದ ನೀರು ಎಲ್ಲರ ಬೊಗಸೆಗೂ ಒಂದೇ ರೀತಿ ಬೀಳುತ್ತಿರಲಿಲ್ಲ. ಹತ್ತಿರ ನಿಂತು ಕುಡಿಯುವವರು ಕೆಲವರು, ದೂರ ನಿಂತು ಮೇಲಿನಿಂದ ಹೊಯ್ಯಿಸಿಕೊಳ್ಳುವವರು ಕೆಲವರು. ಮಹಾಡದ ಕೆರೆಯ ನೀರನ್ನು ಮುಟ್ಟಿ ಕುಡಿಯಲು ಡಾ. ಅಂಬೇಡ್ಕರರು 1927ರಲ್ಲಿ ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು. ಆ ಕಾಲದ ರೈಲುನಿಲ್ದಾಣಗಳಲ್ಲಿ ಹಿಂದೂಗಳ ನೀರು ಬೇರೆ, ಮುಸಲ್ಮಾನರ ನೀರು ಬೇರೆ. ಇಂಥ ನಾಡಿಗೆ ಗೋಲಿ ಮುಚ್ಚಿದ ಸೀಸೆ ಬಂತು. ಯಂತ್ರ ತುಂಬಿದ ನೀರು. ಕಾಸು ಕೊಟ್ಟವರಿಗೆ ಸಿಕ್ಕುತ್ತದೆ. ಅಂಗಡಿಯೂ ಕೆಲವೆಡೆ ಭೇದ ಮಾಡಿರಬಹುದು. ಆದರೂ ಸೀಸೆ ತಾನಾಗಿ ಯಾರ ಕುಲವನ್ನೂ ಕೇಳದು. ಅರವಟ್ಟಿಗೆಯನ್ನು ನೆನೆದು ನಿಟ್ಟುಸಿರುಬಿಡುವಾಗ ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಈಗಲೂ ಬೇಸಗೆಯಲ್ಲಿ ಅಲ್ಲಲ್ಲಿ ಅರವಟ್ಟಿಗೆಗಳನ್ನು ತೆರೆಯುತ್ತಾರೆ. ನಲ್ಲಿಗೆ ಕೈಯೊಡ್ಡಿದವರೆಲ್ಲರಿಗೂ ನೀರು ದೊರೆಯುತ್ತದೆ. ಇದು ಹಳೆಯದರ ಉದ್ಧಾರವಲ್ಲ, ಹಳೆಯದಕ್ಕಿಂತ ಮೇಲಾದುದು ಎಂದೇ ನನ್ನ ಎಣಿಕೆ.

ಸೋಡಾಕ್ಕೆ ಬದಲಿಯನ್ನು ಸರಕಾರವೇ ಹುಡುಕಿದ ಕಥೆಯೂ ಒಂದುಂಟು. 1950ರಲ್ಲಿ ನಮ್ಮ ದೇಶಕ್ಕೆ ಬಂದ ಕೋಕಾ ಕೋಲಾ 1977ರಲ್ಲಿ ಹೊರಟುಹೋಯಿತು. ವಿದೇಶೀ ವಿನಿಮಯದ ಕಾನೂನಿನಂತೆ ಭಾರತೀಯರಿಗೆ ಪಾಲು ಬಿಟ್ಟುಕೊಡಲು ಅದು ಒಪ್ಪಲಿಲ್ಲ. ಆಗ ಕೈಗಾರಿಕಾ ಮಂತ್ರಿಗಳಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಬರಿದಾದ ಸ್ಥಾನವನ್ನು ತುಂಬಲು 'ಡಬಲ್ ಸೆವೆನ್' ಎಂಬ ಸರಕಾರಿ ಪಾನೀಯ ಹೊರಟಿತು. ಹೆಸರು ಆ ವರ್ಷದ್ದೇ. ಅದರ ಪಾಕವನ್ನು ಗೊತ್ತುಮಾಡಿದ್ದು ಮೈಸೂರಿನ ಚೆಲುವಾಂಬ ವಿಲಾಸದಲ್ಲಿರುವ ಆಹಾರ ಸಂಶೋಧನಾಲಯ. ಮಂಗರಸನ ಸೀಮೆಯಿಂದ ಅದು ಬಹುದೂರವೇನಲ್ಲ. ಅಷ್ಟು ಹತ್ತಿರ ಪಾನಕಾಧ್ಯಾಯವಿದ್ದೂ ತಯಾರಾದದ್ದು ಮತ್ತೊಂದು ಕೋಲಾ! ಅದು ಹೆಚ್ಚು ದಿನ ಬಾಳಲಿಲ್ಲ. ಕೋಕಾ ಕೋಲಾ 1993ರಲ್ಲಿ ಹಿಂತಿರುಗಿತು.

ಈಚೆಗೆ ವೈದ್ಯರನ್ನು ಮತ್ತೊಂದು ಪ್ರಶ್ನೆ ಕೇಳಿದೆ: ಸಕ್ಕರೆಯಿಲ್ಲದ ಬರೀ ಸೋಡಾಕ್ಕೆ ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ ಹಾಕಿ ಕುಡಿಯಬಹುದೇ? ಉಪ್ಪಿನ ಚಿಟಿಕೆ ಚಿಟಿಕೆಯಾಗಿಯೇ ಇದ್ದರೆ ಅಡ್ಡಿಯಿಲ್ಲವೆಂದರು. ನಮ್ಮ ಕಾಲೇಜಿನ ಹಿಂದಿನ ಬೀದಿಯಲ್ಲಿ ಇನ್ನೂ ಗೋಲಿ ಸೀಸೆಗಳನ್ನಿಟ್ಟಿರುವ ಅಂಗಡಿಯೊಂದಿದೆ. ಅಲ್ಲಿನ ಅಜ್ಜಿ ಈಗ ನನಗೆ ಸಕ್ಕರೆ ಡಬ್ಬಿಯ ಕಡೆಗೆ ಕೈ ನೀಡುವುದನ್ನು ಬಿಟ್ಟಿದ್ದಾರೆ.