ಜೂರಿಯ ಆಯ್ಕೆಯೂ ಅನುಮಾನಪ್ರಮಾಣವೂ

ವ್ಯವಹಾರನಿರ್ಣಯದಲ್ಲಿ ವಾದಿ, ಪ್ರತಿವಾದಿ, ಸಾಕ್ಷಿ, ಸಭ್ಯ ಎಂಬ ನಾಲ್ವರ ಪೈಕಿ ಸಭ್ಯನ ಸ್ಥಾನವೇ ಅತ್ಯಂತ ಸೂಕ್ಷ್ಮವಾದುದು. ಸಾಕ್ಷ್ಯವು ಎಷ್ಟೇ ಪ್ರಬಲವಾಗಿದ್ದರೂ ಅದನ್ನು ತೂಗುವ ಬುದ್ಧಿಯು ಒಂದು ಕಡೆಗೆ ವಾಲಿದ್ದರೆ ನಿರ್ಣಯವು ಕೆಡುವುದು. ಆದುದರಿಂದಲೇ ಸಭಾಸದರು ಶತ್ರುಮಿತ್ರರಲ್ಲಿ ಸಮಬುದ್ಧಿಯುಳ್ಳವರಾಗಿರಬೇಕೆಂದು ಯಾಜ್ಞವಲ್ಕ್ಯರು ವಿಧಿಸಿರುವರು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಸ್ಥಾನವು ಸಾಮಾನ್ಯ ಪ್ರಜೆಗಳಿಂದ ಕೂಡಿದ ಜೂರಿಗೆ ಸೇರಿರುವುದು. ಆ ಜೂರಿಯವರ ಮನಸ್ಸನ್ನು ಮುಂದಾಗಿಯೇ ಅಳೆದು ವಕೀಲರಿಗೆ ತಿಳಿಸುವ ಸಲಹೆಗಾರರ ವೃತ್ತಿಯೊಂದು ಅಲ್ಲಿ ಹುಟ್ಟಿ ಬೆಳೆದಿದೆ. ಅದರ ಉತ್ಪತ್ತಿಯನ್ನೂ, ಅದು ಆಶ್ರಯಿಸಿರುವ ಅನುಮಾನದ ಬಲಾಬಲವನ್ನೂ ವಿಚಾರಿಸುವುದೇ ಈ ಲೇಖನದ ಉದ್ದೇಶವು.

ನಮ್ಮ ದೇಶದಲ್ಲಿ 1973ರ ದಂಡಪ್ರಕ್ರಿಯಾ ಸಂಹಿತೆಯ ಕಾಲದಿಂದ ಅಪರಾಧವಿಚಾರಣೆಯಲ್ಲಿ ಜೂರಿಗೆ ಸ್ಥಾನವಿಲ್ಲದಿರುವುದರಿಂದ, ಆಯ್ಕೆಯ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯಕವು. ಅಮೇರಿಕದಲ್ಲಿ ನ್ಯಾಯಸ್ಥಾನವು ಅನೇಕ ಪ್ರಜೆಗಳನ್ನು ಕರೆಸಿ ಅವರನ್ನು ಪ್ರಶ್ನಿಸುವುದು. ಪಕ್ಷಪಾತವು ಸ್ಪಷ್ಟವಾಗಿ ಕಂಡುಬಂದವರನ್ನು ನ್ಯಾಯಾಧೀಶನು ಬಿಟ್ಟುಬಿಡುವನು. ಇದಲ್ಲದೆ ಕಾರಣವನ್ನು ಹೇಳದೆಯೇ ಕೆಲವರನ್ನು ತಿರಸ್ಕರಿಸುವ ಹಕ್ಕು ಎರಡು ಪಕ್ಷಗಳಿಗೂ ಉಂಟು. ಈ ಹಕ್ಕನ್ನು ಯಾರ ಮೇಲೆ ಪ್ರಯೋಗಿಸಬೇಕೆಂಬುದನ್ನು ವಕೀಲರು ಬಹುಕಾಲ ತಮ್ಮ ಅನುಭವದಿಂದಲೇ ನಿಶ್ಚಯಿಸುತ್ತಿದ್ದರು. ಆ ಅನುಭವದ ಸ್ಥಾನದಲ್ಲಿ ಗಣನೆಯನ್ನು ತಂದ ಪ್ರಸಿದ್ಧ ವ್ಯವಹಾರವು 1972ರಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ಹ್ಯಾರಿಸ್‌ಬರ್ಗ್ ಪಟ್ಟಣದಲ್ಲಿ ನಡೆಯಿತು.

ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ಪಾದ್ರಿ ಫಿಲಿಪ್ ಬೆರಿಗನ್, ಸಂನ್ಯಾಸಿನಿ ಎಲಿಜಬೆತ್ ಮೆಕ್‌ಅಲಿಸ್ಟರ್, ವಿದ್ವಾಂಸ ಇಕ್ಬಾಲ್ ಅಹಮದ್ ಮೊದಲಾದ ಏಳು ಮಂದಿಯ ಮೇಲೆ, ಹೆನ್ರಿ ಕಿಸಿಂಜರ್ ಅವರನ್ನು ಅಪಹರಿಸಲು ಒಳಸಂಚು ಮಾಡಿದರೆಂಬ ಆಪಾದನೆಯನ್ನು ಸರ್ಕಾರವು ಹೊರಿಸಿತ್ತು. ಆ ಪ್ರಾಂತದ ಜನರಲ್ಲಿ ಬಹುಮಂದಿ ಸಂಪ್ರದಾಯಪಕ್ಷಪಾತಿಗಳಾದುದರಿಂದ ಆಪಾದಿತರ ಕಡೆಯವರಿಗೆ ಭಯವುಂಟಾಯಿತು. ಆಗ ಸಮಾಜಶಾಸ್ತ್ರಜ್ಞ ಜೇ ಶುಲ್ಮನ್, ಮನಶ್ಶಾಸ್ತ್ರಜ್ಞ ರಿಚರ್ಡ್ ಕ್ರಿಸ್ಟಿ ಮೊದಲಾದವರು ಸ್ವಯಂಸೇವಕರ ಸಹಾಯದಿಂದ 840 ಮಂದಿಯನ್ನು ದೂರವಾಣಿಯ ಮೂಲಕ ವಿಚಾರಿಸಿದರು; ಅವರಲ್ಲಿ 252 ಮಂದಿಯನ್ನು ಕಂಡು ಅವರ ಅಭಿಪ್ರಾಯಗಳನ್ನು ವಿಸ್ತಾರವಾಗಿ ಸಂಗ್ರಹಿಸಿದರು. ಫಲವು ವಕೀಲರ ಊಹೆಗೆ ವಿರುದ್ಧವಾಗಿದ್ದಿತು. ಉನ್ನತ ವಿದ್ಯಾಭ್ಯಾಸವುಳ್ಳವರು ಆಪಾದಿತರಿಗೆ ಅನುಕೂಲರೆಂದು ಅವರು ಎಣಿಸಿದ್ದರು. ಆ ಪ್ರಾಂತದಲ್ಲಿ ಅಂಥವರೇ ಹೆಚ್ಚು ಪ್ರತಿಕೂಲರಾಗಿ ಕಂಡುಬಂದರು. ಮತಭೇದವು ಮುಖ್ಯವಾದ ಲಿಂಗವೆಂದು ತೋರಿತು. ಯಾವ ಮತಕ್ಕೂ ಸೇರದ, ಡೆಮೊಕ್ರಾಟಿಕ್ ಪಕ್ಷದ, ಕಛೇರಿಯ ಕೆಲಸವನ್ನೋ ಕುಶಲ ಕೈಕಸುಬನ್ನೋ ಉಳ್ಳ ಸ್ತ್ರೀಯೇ ಉತ್ತಮ ಜೂರಿಯೆಂದು ನಿರ್ಧರಿಸಲಾಯಿತು. ಕಡೆಯಲ್ಲಿ ಉಳಿದ 46 ಮಂದಿಯಲ್ಲಿ ಆಪಾದಿತರ ಪಕ್ಷವು 28 ಮಂದಿಯನ್ನೂ ಸರ್ಕಾರದ ಪಕ್ಷವು 6 ಮಂದಿಯನ್ನೂ ತಿರಸ್ಕರಿಸಲು, 12 ಮಂದಿಯ ಜೂರಿಯು ಸಿದ್ಧವಾಯಿತು.

ಆಪಾದಿತರ ವಕೀಲರು ಒಬ್ಬ ಸಾಕ್ಷಿಯನ್ನೂ ಕರೆಯದೆ ತಮ್ಮ ವಾದವನ್ನು ಮುಗಿಸಿದರು. ಜೂರಿಯವರು ಏಳು ದಿನ ಚರ್ಚಿಸಿದರೂ ಒಳಸಂಚಿನ ವಿಷಯದಲ್ಲಿ ಐಕಮತ್ಯವುಂಟಾಗಲಿಲ್ಲ. ಹತ್ತು ಮಂದಿ ಬಿಡುಗಡೆಯ ಪಕ್ಷವನ್ನೂ ಇಬ್ಬರು ದೋಷಪಕ್ಷವನ್ನೂ ಹಿಡಿದರು. ಸರ್ಕಾರವು ಆ ಆಪಾದನೆಯನ್ನು ಮತ್ತೆ ವಿಚಾರಣೆಗೆ ತರಲಿಲ್ಲ. ಹತ್ತು ಮಂದಿ ಅನುಕೂಲರಾದುದರಿಂದ ಗಣನೆಯು ಫಲಿಸಿತೆಂದು ಅನೇಕರು ನಂಬಿದರು; ಹೊಸ ವೃತ್ತಿಯು ಕೀರ್ತಿಯನ್ನು ಪಡೆಯಿತು.

ಆದರೆ ಇಲ್ಲಿ ವಿಚಾರಣೀಯವಾದ ಅಂಶವೊಂದುಂಟು. ದೋಷಪಕ್ಷವನ್ನು ಬಿಡದೆ ನಿಂತ ಇಬ್ಬರಲ್ಲಿ ಒಬ್ಬಳು, ತನ್ನ ಮಕ್ಕಳೇ ಧರ್ಮಬುದ್ಧಿಯಿಂದ ಯುದ್ಧಸೇವೆಯನ್ನು ನಿರಾಕರಿಸಿದ್ದ ತಾಯಿ. ಈಕೆಯು ತಮಗೆ ಅನುಕೂಲಳೆಂದೇ ಆಪಾದಿತರ ಪಕ್ಷವು ಎಣಿಸಿತ್ತು. ಹೊಗೆಯಿಂದ ಬೆಂಕಿಯನ್ನು ಊಹಿಸುವಲ್ಲಿ ವ್ಯಾಪ್ತಿಯು ದೃಢವಾದುದು. ಮನೆತನದಿಂದ ಮನಸ್ಸನ್ನು ಊಹಿಸುವಲ್ಲಿ ಹೇತುವು ಸವ್ಯಭಿಚಾರವೇ ಸರಿ. ಹತ್ತು ಮಂದಿಯ ವಿಷಯದಲ್ಲಾದರೂ ಊಹೆಯು ಸಿದ್ಧಿಸಿತಲ್ಲವೇ ಎಂದರೆ, ಅಲ್ಲಿ ಅನ್ವಯವು ಮಾತ್ರ ಕಾಣುವುದು, ವ್ಯತಿರೇಕವು ಕಾಣದು. ಸರ್ಕಾರದ ಮುಖ್ಯ ಸಾಕ್ಷಿಯು ಹಣ ಪಡೆದು ಗುಪ್ತಚರನಾದ ಸೆರೆಯಾಳು. ಅದೇ ಸಾಕ್ಷ್ಯವನ್ನು ಗಣನೆಯಿಲ್ಲದೆ ಆರಿಸಿದ ಜೂರಿಯು ಕೇಳಿ ಬೇರೆ ತೀರ್ಮಾನವನ್ನು ಕೊಟ್ಟಿದ್ದರೆ ಮಾತ್ರ, ಫಲವು ಗಣನೆಯದೆಂದು ಹೇಳಬಹುದಾಗಿತ್ತು.

ಈ ವಿವೇಕವು ನಮ್ಮ ಶಾಸ್ತ್ರಕಾರರಿಗೆ ತಿಳಿಯದುದಲ್ಲ. ಹಣೆಯು ಬೆವರುವುದು, ಮುಖದ ಬಣ್ಣವು ಮಾರ್ಪಡುವುದು, ಕಟವಾಯನ್ನು ನೆಕ್ಕುವುದು ಮೊದಲಾದುವನ್ನು ಯಾಜ್ಞವಲ್ಕ್ಯರು ದುಷ್ಟನ ಲಕ್ಷಣಗಳೆಂದು ಎಣಿಸಿರುವರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರರು ಮಿತಾಕ್ಷರೆಯಲ್ಲಿ ಇದನ್ನು ವ್ಯಾಖ್ಯಾನಿಸುತ್ತ, ಇಂತಹ ಲಕ್ಷಣಗಳಿಂದ ದೋಷದ ಸಂಭಾವನೆ ಮಾತ್ರವೇ ಹೊರತು ನಿಶ್ಚಯವುಂಟಾಗದೆಂದು ಎಚ್ಚರಿಸಿರುವರು. ಅವರು ಹೇಳಿದುದು ವ್ಯವಹಾರಕ್ಕೆ ಬಂದವರನ್ನು ಕುರಿತು. ಆ ಮಾತು ಜೂರಿಯನ್ನು ಅಳೆಯುವವರಿಗೂ ಸಲ್ಲುವುದು.

ಹ್ಯಾರಿಸ್‌ಬರ್ಗಿನ ಬಳಿಕ ಈ ವೃತ್ತಿಯು ಶೀಘ್ರವಾಗಿ ಬೆಳೆಯಿತು. 1982ರಲ್ಲಿ ಇವರ ಸಂಘವೊಂದು ಸ್ಥಾಪಿತವಾಯಿತು. ಈಗ ಜನಾಭಿಪ್ರಾಯದ ಗಣನೆಯು ಇವರ ಕೆಲಸದ ಒಂದು ಭಾಗ ಮಾತ್ರ. ಕೃತಕ ಜೂರಿಯ ಮುಂದೆ ವಾದವನ್ನು ಅಭಿನಯಿಸಿ ನೋಡುವುದು, ನ್ಯಾಯಸ್ಥಾನದಲ್ಲಿ ಛಾಯಾಜೂರಿಯನ್ನು ಕುಳ್ಳಿರಿಸಿ ದಿನದಿನದ ಅಭಿಪ್ರಾಯವನ್ನು ಕೇಳುವುದು, ಸಾಕ್ಷಿಗಳನ್ನು ಪ್ರಶ್ನೋತ್ತರಕ್ಕೆ ಅಣಿಮಾಡುವುದು, ಜೂರಿಯವರನ್ನು ಕೇಳತಕ್ಕ ಪ್ರಶ್ನೆಗಳನ್ನು ರಚಿಸುವುದು ಇವೆಲ್ಲವೂ ಸೇರಿವೆ. ಅನಂತರದ ಸಂಶೋಧನೆಗಳು, ವಯಸ್ಸು ವೃತ್ತಿ ಮೊದಲಾದ ಲಿಂಗಗಳಿಂದ ತೀರ್ಪನ್ನು ಊಹಿಸುವುದು ಅಲ್ಪಫಲವೆಂದೂ ಸಾಕ್ಷ್ಯದ ಬಲವೇ ಮುಖ್ಯವೆಂದೂ ತೋರಿಸಿವೆ. ಆದುದರಿಂದ ವಾದವು ಸಾಮಾನ್ಯನಿಗೆ ಎಲ್ಲಿ ಅರ್ಥವಾಗದೆಂಬುದನ್ನು ವಕೀಲನಿಗೆ ತಿಳಿಸುವುದೇ ಇವರಿಂದಾಗುವ ನಿಜವಾದ ಉಪಕಾರವೆಂದು ನಮಗೆ ತೋರುವುದು.

ನ್ಯಾಯಶಾಸನವೂ ಈ ಅನುಮಾನಗಳಿಗೆ ಎಲ್ಲೆಯನ್ನು ಕಟ್ಟುತ್ತ ಬಂದಿದೆ. ವರ್ಣವನ್ನು ನೋಡಿ ಜೂರಿಯನ್ನು ತಿರಸ್ಕರಿಸಕೂಡದೆಂದು 1986ರಲ್ಲಿಯೂ, ಸ್ತ್ರೀಪುರುಷಭೇದವನ್ನು ನೋಡಿ ತಿರಸ್ಕರಿಸಕೂಡದೆಂದು 1994ರಲ್ಲಿಯೂ ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಇಂಗ್ಲೆಂಡು 1988ರ ಶಾಸನದಿಂದಲೂ, ಅರಿಜೋನಾ ಸಂಸ್ಥಾನವು 2022ರಿಂದಲೂ ಅಕಾರಣ ತಿರಸ್ಕಾರದ ಹಕ್ಕನ್ನೇ ತೆಗೆದುಹಾಕಿವೆ.

ಪ್ರಬಲವಾದ ಸರ್ಕಾರದ ಮುಂದೆ ನಿಂತ ಏಳು ಮಂದಿಗೆ ಧನಾಪೇಕ್ಷೆಯಿಲ್ಲದೆ ಮಾಡಿದ ಸಹಾಯವು, ಕಾಲಕ್ರಮದಲ್ಲಿ ಧನಿಕರು ಬೆಲೆ ಕೊಟ್ಟು ಕೊಳ್ಳುವ ವಿದ್ಯೆಯಾಯಿತು. ಸಮಬುದ್ಧಿಯುಳ್ಳವನನ್ನು ಹುಡುಕುವುದು ಶಾಸ್ತ್ರದ ಗುರಿ; ತನ್ನ ಕಡೆಗೆ ವಾಲುವವನನ್ನು ಹುಡುಕುವುದು ಪಕ್ಷದ ಗುರಿ. ಎರಡು ಪಕ್ಷಗಳಿಗೂ ಸಮಬಲವಿದ್ದಾಗ ಎರಡನೆಯದರಿಂದ ಮೊದಲನೆಯದು ಕೈಗೂಡಬಹುದು. ಒಂದು ಪಕ್ಷಕ್ಕೆ ಮಾತ್ರ ಸಲಹೆಗಾರನಿದ್ದಲ್ಲಿ ತಕ್ಕಡಿಯನ್ನು ಸರಿಹಿಡಿಯುವ ಭಾರವು ನ್ಯಾಯಾಧೀಶನದೇ ಆಗುವುದು. ಆದರೂ ಲಿಂಗವನ್ನು ಮೀರಿ ಸ್ವಬುದ್ಧಿಯಿಂದ ನಿಂತ ಆ ತಾಯಿಯ ದೃಷ್ಟಾಂತದಿಂದ, ಆಕೆಯ ಅಭಿಪ್ರಾಯವು ಸರಿಯಿರಲಿ ತಪ್ಪಿರಲಿ, ಮನುಷ್ಯನ ಮನಸ್ಸು ಪೂರ್ತಿಯಾಗಿ ಗಣನೆಗೆ ಸಿಕ್ಕುವುದಲ್ಲವೆಂಬುದು ಸಿದ್ಧವಾಗುವುದು.