486 ಮೆಟ್ಟಿಲಿನ ನಿಲ್ದಾಣ

ಜಪಾನಿನಲ್ಲಿ ಟೋಕಿಯೋ ಕಡೆಗೆ ಹೋಗುವ ರೈಲು ‘ನೊಬೊರಿ’, ಅಂದರೆ ಏರುವಂಥದ್ದು. ಟೋಕಿಯೋದಿಂದ ದೂರ ಸಾಗುವುದು ‘ಕುದಾರಿ’, ಇಳಿಯುವಂಥದ್ದು. ನಮ್ಮ ಅಪ್, ಡೌನ್‌ಗಳ ಹಾಗೆ ಈ ಮಾತುಗಳಿಗೂ ನೆಲದ ಏರುತಗ್ಗುಗಳಿಗೂ ಸಂಬಂಧವಿಲ್ಲ. ಗುನ್ಮಾ ಪ್ರಾಂತ್ಯದ ದೊಆಯಿ ನಿಲ್ದಾಣದಲ್ಲಿ ಮಾತ್ರ ಪದ ಮತ್ತು ನೆಲ ಎರಡೂ ಹೊಂದಿಕೊಂಡುಬಿಟ್ಟಿವೆ. ಟೋಕಿಯೋ ಕಡೆಯ ಪ್ಲಾಟ್‌ಫಾರ್ಮ್ ನಿಲ್ದಾಣದ ಕಟ್ಟಡಕ್ಕೆ ಹತ್ತಿರ, ಬಿಸಿಲು ಬೀಳುವ ಕಡೆ ಇದೆ. ನಿಗಾತಾ ಕಡೆಯದ್ದು ಅದಕ್ಕಿಂತ ಸುಮಾರು 70 ಮೀಟರ್ ಕೆಳಗೆ, ಸುರಂಗದೊಳಗೆ.

ಇದನ್ನು ಯಾರೂ ಒಂದೇ ಸಲ ಹೀಗೆ ಯೋಜಿಸಿದ್ದಲ್ಲ. 1931ರ ಸೆಪ್ಟೆಂಬರಿನಲ್ಲಿ 9,702 ಮೀಟರ್ ಉದ್ದದ ಶಿಮಿಜು ಸುರಂಗ ತೆರೆದು, ಜೊಎತ್ಸು ಮಾರ್ಗ ಬೆಟ್ಟಸಾಲನ್ನು ದಾಟಿತು. ಆಗ ಜಪಾನಿನಲ್ಲಿ ಅದಕ್ಕಿಂತ ಉದ್ದದ ಸುರಂಗವಿರಲಿಲ್ಲ. ಇದ್ದದ್ದು ಒಂದೇ ಹಳಿ. ಎದುರುಬದುರು ಬರುವ ಗಾಡಿಗಳು ಒಂದನ್ನೊಂದು ದಾಟಿಹೋಗಲು ದೊಆಯಿಯಲ್ಲಿ ಜಾಗ ಮಾಡಿದರು. ಪ್ರಯಾಣಿಕರ ನಿಲ್ದಾಣವೆನ್ನಿಸಿಕೊಂಡದ್ದು 1936ರ ಡಿಸೆಂಬರಿನಲ್ಲಿ. ಜೋಡಿ ಹಳಿ ಬೇಕಾದಾಗ ಹಳೆಯ ಸುರಂಗವನ್ನು ಅಗಲ ಮಾಡಲಿಲ್ಲ. ಇನ್ನೂ ತಗ್ಗಿನಲ್ಲಿ ಸುಮಾರು 13.5 ಕಿಲೋಮೀಟರಿನ ಹೊಸದನ್ನೇ ಕೊರೆದು 1967ರಲ್ಲಿ ತೆರೆದರು. ಅಂದಿನಿಂದ ಹಳೆಯದು ನೊಬೊರಿಗೆ, ಹೊಸದು ಕುದಾರಿಗೆ. ಕವಾಬಾತಾ ಅವರ ‘ಯುಕಿಗುನಿ’ ಕಾದಂಬರಿಯ ಆರಂಭದಲ್ಲಿ ರೈಲು ಹಾದುಹೋಗುವುದು ಹಳೆಯ ಸುರಂಗವನ್ನು. ಈಗ ಅದೇ ದಿಕ್ಕಿನಲ್ಲಿ ಹೊರಟ ಓದುಗನಿಗೆ ಆ ಸುರಂಗ ಸಿಗುವುದಿಲ್ಲ!

ಕೆಳಗೆ ಇಳಿದವರ ಎದುರಿಗಿರುವುದು 338 ಮೀಟರ್ ಉದ್ದದ, ನೇರವಾದ, 462 ಮೆಟ್ಟಿಲಿನ ದಾರಿ. ಹತ್ತಿದ ಮೇಲೂ ಮುಗಿಯುವುದಿಲ್ಲ. ಯುಬಿಸೊ ನದಿಯ ಮೇಲಿನ ಸೇತುವೆಯೂ ಸೇರಿದ 143 ಮೀಟರಿನ ಓಣಿ, ಅದರಲ್ಲಿ ಮತ್ತೆ 24 ಮೆಟ್ಟಿಲು. ಎಲ್ಲ ಸೇರಿ ಹತ್ತು ನಿಮಿಷದ ನಡಿಗೆ. ಜಪಾನೀಯರು ಇದನ್ನು ‘ಮೊಗುರಾ’ ನಿಲ್ದಾಣ ಎನ್ನುತ್ತಾರೆ. ಮೊಗುರಾ ಎಂದರೆ ನೆಲದೊಳಗೇ ಬಿಲ ತೋಡಿಕೊಂಡು ಬದುಕುವ ಪುಟ್ಟ ಪ್ರಾಣಿ. ಕನ್ನಡದಲ್ಲಿ ‘ಹೆಗ್ಗಣ’ ಎಂದರೆ ಅರ್ಥ ಹತ್ತಿರ ಬರುತ್ತದೆ, ಅಕ್ಕರೆ ಬರುವುದಿಲ್ಲ.

ಇಷ್ಟು ಕಷ್ಟಪಟ್ಟು ಇಲ್ಲಿ ಇಳಿಯುತ್ತಿದ್ದವರು ಹೆಚ್ಚಾಗಿ ತನಿಗಾವಾ ಬೆಟ್ಟ ಹತ್ತುವವರು. ಅದರ ಎತ್ತರ 1,977 ಮೀಟರ್, ಅಷ್ಟೇ. ಆದರೆ ಅದರ ಕಡಿದಾದ ಬಂಡೆಗಳಲ್ಲಿ 1931ರಿಂದೀಚೆಗೆ 800ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ, ಎವರೆಸ್ಟಿನಲ್ಲಿ ಸತ್ತವರ ಎರಡು ಪಟ್ಟಿಗೂ ಹೆಚ್ಚು. ಲೆಕ್ಕ ಶುರುವಾಗುವ ವರ್ಷವೂ ಸುರಂಗ ತೆರೆದ ವರ್ಷವೂ ಒಂದೇ. ಬೆಟ್ಟ ಅಪಾಯಕಾರಿಯಾದದ್ದು ರೈಲಿನಿಂದಲ್ಲ, ನಿಜ. ಆದರೆ ಟೋಕಿಯೋದ ಕೆಲಸಗಾರರು, ವಿದ್ಯಾರ್ಥಿಗಳು ರಜೆಯ ಹಿಂದಿನ ರಾತ್ರಿ ಹೊರಟು ಬೆಳಗಾಗುವುದರೊಳಗೆ ಬೆಟ್ಟದ ಬುಡ ಸೇರುವಂತಾದದ್ದು ರೈಲಿನಿಂದಲೇ.

1982ರಲ್ಲಿ ಶಿಂಕಾನ್‌ಸೆನ್ ಬಂತು. ಅದು ಬೇರೆಯೇ ಸುರಂಗದಲ್ಲಿ, ದೊಆಯಿಯ ಗೊಡವೆಯೇ ಇಲ್ಲದೆ ಹೋಗುತ್ತದೆ. ಈಗ ಇಲ್ಲಿ ದಿನಕ್ಕೆ ನಿಲ್ಲುವುದು ಬೆರಳೆಣಿಕೆಯಷ್ಟು ಗಾಡಿಗಳು. 1985ರಿಂದ ಸಿಬ್ಬಂದಿಯೂ ಇಲ್ಲ. ಅವರಿದ್ದ ಕಾಲದಲ್ಲಿ ಕುದಾರಿ ಗಾಡಿಗೆ ಟಿಕೆಟ್ ತಪಾಸಣೆಯನ್ನು ಹತ್ತು ನಿಮಿಷ ಮೊದಲೇ ನಿಲ್ಲಿಸಿಬಿಡುತ್ತಿದ್ದರು. ಅದಕ್ಕಿಂತ ತಡವಾಗಿ ಬಂದವರು ಎಷ್ಟು ಬೇಗ ಮೆಟ್ಟಿಲಿಳಿದರೂ ಗಾಡಿ ಸಿಗುತ್ತಿರಲಿಲ್ಲ.