ಮುಹಾಸಬ: ಮನಸ್ಸಿನ ಏರಿಳಿತಕ್ಕೂ ಒಂದು ಲೆಕ್ಕಪುಸ್ತಕ

ಮುಹಾಸಬ ಎಂದರೆ ಲೆಕ್ಕ ತೆಗೆಯುವುದು. ತನ್ನ ನಡೆನುಡಿ, ಮನಸ್ಸಿನ ಸ್ಥಿತಿಯನ್ನು ತಾನೇ ಪರಿಶೀಲಿಸಿಕೊಳ್ಳುವ ಅಭ್ಯಾಸಕ್ಕೆ ಇಸ್ಲಾಮೀ ಪರಂಪರೆಯಲ್ಲಿ ಈ ಹೆಸರಿದೆ. ಬಗ್ದಾದ್‌ನ ಹಾರಿಸ್ ಅಲ್ ಮುಹಾಸಿಬಿ (ನಿಧನ 857) ಅವರಿಗೆ ಆ ಹೆಸರು ಬಂದದ್ದೇ ಇದರಿಂದ. ಇವತ್ತು ಮೊಬೈಲ್ ಆ್ಯಪ್‌ಗಳಲ್ಲಿ ಕಾಣುವ 'ಮೂಡ್ ಟ್ರ್ಯಾಕಿಂಗ್' ಇದಕ್ಕೆ ಹತ್ತಿರದ್ದು. ಆದರೆ ಎರಡೂ ಒಂದೇ ಅಲ್ಲ. ಮುಹಾಸಬದ ಬೇರು ಇರುವುದು ಅಲ್ಲಾಹನ ಮುಂದೆ ಉತ್ತರ ಕೊಡಬೇಕೆಂಬ ಪ್ರಜ್ಞೆಯಲ್ಲಿ.

ಇಮಾಮ್ ಗಝ್ಝಾಲಿ(ರ) 'ಇಹ್ಯಾ ಉಲೂಮಿದ್ದೀನ್'ನಲ್ಲಿ ಇದನ್ನು ವ್ಯಾಪಾರದ ಭಾಷೆಯಲ್ಲೇ ವಿವರಿಸುತ್ತಾರೆ. ಆಯುಷ್ಯ ಬಂಡವಾಳ, ನಫ್ಸ್ ಪಾಲುದಾರ. ಸುಬ್‌ಹಿ ನಮಾಝಿನ ಬಳಿಕ ಪಾಲುದಾರನ ಜೊತೆ ಷರತ್ತು, ಹಗಲಿಡೀ ಅವನ ಮೇಲೊಂದು ಕಣ್ಣು (ಮುರಾಖಬ), ದಿನದ ಕೊನೆಗೆ ಲೆಕ್ಕ. ಆಮೇಲೆ ದಂಡ, ಗದರಿಕೆಯ ಹಂತಗಳೂ ಇವೆ. ಅವೆಲ್ಲ ತಪ್ಪು ನಡತೆಗೆ. ಬೇಸರ ಬಂದದ್ದೇ ತಪ್ಪು ಎಂದು ಯಾರೂ ತನ್ನನ್ನು ಬೈದುಕೊಳ್ಳಬೇಕಾಗಿಲ್ಲ.

1095ರಲ್ಲಿ ಬಗ್ದಾದ್‌ನ ನಿಝಾಮಿಯ್ಯಾದಲ್ಲಿ ಪಾಠ ಹೇಳುತ್ತಿದ್ದ ಗಝ್ಝಾಲಿಯವರಿಗೇ ನಾಲಿಗೆ ಹೊರಳದಾಯಿತು, ಊಟ ಸೇರದಾಯಿತು. ಇದು ಮನಸ್ಸಿನಿಂದ ದೇಹಕ್ಕಿಳಿದ ಕಾಯಿಲೆ ಎಂದರು ವೈದ್ಯರು. ಅವರೇ ಆತ್ಮಕಥನದಲ್ಲಿ ಬರೆದುಕೊಂಡ ಸಂಗತಿ ಇದು. 'ಈಮಾನ್ ಗಟ್ಟಿ ಇದ್ರೆ ಬೇಜಾರ್ ಎಲ್ಲಿಂದ ಬರ್ತದೆ' ಎಂದು ಮಕ್ಕಳ ಬಾಯಿ ಮುಚ್ಚಿಸುವವರು ಓದಬೇಕಾದದ್ದು.

ಅವರಿಗಿಂತ ಹಿಂದಿನ ಅಬೂ ಝೈದ್ ಅಲ್ ಬಲ್ಖಿ (ನಿಧನ 934) ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದವರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಕಾಣದ ದುಃಖ ಬೇರೆ ಎಂದು ಅವರು ವಿಂಗಡಿಸಿದರು. ಎರಡನೆಯದರ ಮೂಲ ದೇಹದಲ್ಲಿರಬಹುದು, ಅದಕ್ಕೆ ಮದ್ದು ಬೇಕಾಗಬಹುದು ಎಂಬುದು ಅವರ ನಿಲುವು.

ಯಾವ ಬಗೆಯದು ಎಂದು ತಿಳಿಯಲು ಬರೆದಿಡುವುದೇ ಸುಲಭದ ದಾರಿ. ಇಶಾ ನಮಾಝಿನ ಬಳಿಕ ಐದು ನಿಮಿಷ, ಒಂದು ಸಣ್ಣ ನೋಟ್‌ಬುಕ್ ಸಾಕು. ಗಂಟೆ ಎಷ್ಟು, ಯಾವ ಭಾವ, ಹತ್ತರಲ್ಲಿ ಎಷ್ಟು ಜೋರು, ಅದಕ್ಕೆ ಮುಂಚೆ ಏನಾಯಿತು, ಹಿಂದಿನ ರಾತ್ರಿ ನಿದ್ದೆ ಎಷ್ಟು. ಉದಾಹರಣೆಗೆ: 'ಸಂಜೆ 5, ಸಿಟ್ಟು, 7, ಮಧ್ಯಾಹ್ನ ಊಟ ಇಲ್ಲ, ಸಾಲ ತಗೊಂಡವನ ಫೋನ್ ಸ್ವಿಚ್ ಆಫ್.' ಬರೀ 'ಮೂಡ್ ಸರಿ ಇಲ್ಲ' ಎಂದು ಬರೆದರೆ ಅಂಗಡಿ ಲೆಕ್ಕದಲ್ಲಿ ಎಲ್ಲವನ್ನೂ 'ಇತರೆ ಖರ್ಚು' ಎಂದು ಹಾಕಿದ ಹಾಗೆ. ಹಣ ಎಲ್ಲಿ ಸೋರಿತು ಎಂದು ಗೊತ್ತೇ ಆಗುವುದಿಲ್ಲ. ಸಿಟ್ಟೋ, ಹೆದರಿಕೆಯೋ, ನಾಚಿಕೆಯೋ, ಒಂಟಿತನವೋ, ಹೆಸರು ಬೇಕು. ಗಂಡಸರ ಪುಸ್ತಕದಲ್ಲಿ 'ಸಿಟ್ಟು' ಎಂದು ಬರೆದದ್ದು ಎಷ್ಟೋ ಸಲ ಹೆದರಿಕೆಯೇ ಆಗಿರುತ್ತದೆ.

ಎರಡು ವಾರ ಬರೆದು ತಿರುಗಿಸಿ ನೋಡಿದರೆ ಕೆಲವು ಸಂಗತಿ ಎದ್ದು ಕಾಣುತ್ತವೆ. ರಮಝಾನಿನ ಮೊದಲ ದಿನಗಳ ತಲೆನೋವು, ಸಿಡುಕು ಕೆಲವರಲ್ಲಿ ದಿನವೂ ಕುಡಿಯುತ್ತಿದ್ದ ಚಹಾ ನಿಂತದ್ದರಿಂದಲೂ ಬರುತ್ತದೆ. ನಿಂತಿರುವಾಗ ಸಿಟ್ಟು ಬಂದರೆ ಕುಳಿತುಕೊಳ್ಳಿ, ಹೋಗದಿದ್ದರೆ ಮಲಗಿ ಎಂಬ ಪ್ರವಾದಿ(ಸ)ವರ ಬೋಧನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಅದನ್ನು ಪಾಲಿಸಬೇಕಾದರೆ ಮೊದಲು 'ಈಗ ಸಿಟ್ಟು ಬರ್ತಾ ಇದೆ' ಎಂದು ಗೊತ್ತಾಗಬೇಕಲ್ಲ! ಪುಸ್ತಕ ಕಲಿಸುವುದು ಅದನ್ನೇ.

ವಸ್‌ವಾಸ್ ಹೆಚ್ಚಿರುವವರು ಗಂಟೆಗಂಟೆಗೂ ಮನಸ್ಸನ್ನು ಕೆದಕುವುದು ಬೇಡ, ದಿನಕ್ಕೊಂದು ಸಲ ಧಾರಾಳ. ಎರಡು ವಾರ ಹೆಚ್ಚುಕಮ್ಮಿ ದಿನವೂ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ-ಊಟ ಕೆಟ್ಟಿದೆ ಎಂದಾದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಕೂಡಲೇ ಮನೆಯವರಿಗೆ ಹೇಳಿ. 2022ರಲ್ಲಿ ಶುರುವಾದ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ; ಕನ್ನಡವೂ ಇದೆ, ಮಲಯಾಳವೂ ಇದೆ. ಕಾಸರಗೋಡು, ಮಂಜೇಶ್ವರ ಕಡೆಯವರಿಗೆ ಕೇರಳ ಸರಕಾರದ ದಿಶಾ 1056 ಕೂಡ ಇದೆ. ವೈದ್ಯರಲ್ಲಿಗೆ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. 'ಯಾವಾಗಿನಿಂದ?' ಎಂದು ಕೇಳಿದರೆ ತಾರೀಕು ಅದರಲ್ಲೇ ಇರುತ್ತದೆ.